ಅಶ್ವಗಂಧಕ್ಕೆ ನೀರು ನಿಲ್ಲಿಸಿ ನೋಡಿದ ನನ್ನ ಅನುಭವ

ನಮ್ಮ ಹೊಲ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ ಇದೆ. ತಗ್ಗಿನಲ್ಲಿ ಕಪ್ಪು ಎರೆ ಮಣ್ಣು, ಮೇಲೆ ಕೆಂಪು ಮಸಾರಿ. ಎರೆಗೆ ತೊಗರಿ, ಕಡಲೆ ಬಿತ್ತುತ್ತೇವೆ. ಮಸಾರಿಗೆ ಅಶ್ವಗಂಧ. ನೀರು ನಿಂತರೆ ಅದರ ಬೇರು ಕೊಳೆಯುತ್ತದೆ, ಹಾಗಾಗಿ ಎರೆ ಅದಕ್ಕೆ ಹೇಳಿದ್ದಲ್ಲ.

ಈ ಬೆಳೆಗೆ ಕೈ ಹಾಕಿದವರೆಲ್ಲ ಹೇಳುವ ಮಾತೊಂದಿದೆ: ನೀರು ಕಡಿಮೆ ಕೊಟ್ಟಷ್ಟೂ ಔಷಧಿ ಗುಣ ಜಾಸ್ತಿ. ಸುಳ್ಳಲ್ಲ. ಆದರೆ ಅದನ್ನೇ ನಂಬಿ ಡ್ರಿಪ್ ಬಂದ್ ಮಾಡಿದರೆ ಏನಾಗುತ್ತದೆ ಅಂತ ನೋಡಬೇಕಿತ್ತು.

ಮಘಾ ಮಳೆಗೆ ಬಿತ್ತಿದೆ. ಎಕರೆಗೆ 5 ಕಿಲೋ ಲೆಕ್ಕದಲ್ಲಿ ಬೀಜ, ಲಖನೌದ ಸಿಮ್ಯಾಪ್ ಎಂಬ ಔಷಧಿ ಸಸ್ಯಗಳ ಸಂಶೋಧನಾ ಸಂಸ್ಥೆಯ ಪೋಷಿತಾ ತಳಿ. ಹೊಲವನ್ನು ಮೂರು ಪಟ್ಟಿ ಮಾಡಿಕೊಂಡೆ. ಒಂದಕ್ಕೆ ಕೊನೆವರೆಗೂ ನೀರು. ಒಂದಕ್ಕೆ ಬರೀ ಮಳೆ. ಮೂರನೆಯದಕ್ಕೆ ಹೂವು, ಕಾಯಿ ಆಗುವವರೆಗೆ ನೀರು ಕೊಟ್ಟು, ಕೆಳಗಿನ ಎಲೆ ಹಳದಿ ತಿರುಗಿದ ಮೇಲೆ ವಾಲ್ವ್ ಬಂದ್. ಡ್ರಿಪ್ಪಿನ ತೇವ ಪಕ್ಕಕ್ಕೂ ಹರಡುತ್ತದೆ, ಅಲ್ವಾ? ಅದಕ್ಕೆ ನಡುವೆ ಕೆಲವು ಸಾಲು ಸುಮ್ನೆ ಬಿಟ್ಟೆ, ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬದುವಿನ ಮೇಲೆ ನಿಂತು ನೋಡಿದ ಪಕ್ಕದ ಹೊಲದ ಕಾಕಾ ನಕ್ಕರು. "ನೀರಿದ್ದೂ ಬಿಡವಲ್ಲಿ, ಇದೆಂಥಾ ಒಕ್ಕಲುತನೋ ತಮ್ಮಾ?"

ಗಿಡದ ಒಳಗೆ ನಡೆಯುವುದು ಇಷ್ಟು. ನೀರು ಕಡಿಮೆಯಾದಾಗ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಕಡಿಮೆ. ಬಿಸಿಲಂತೂ ಕಡಿಮೆಯಾಗುವುದಿಲ್ಲ. ಹಿಡಿದ ಬೆಳಕೆಲ್ಲ ಸಕ್ಕರೆ ಮಾಡಲು ಖರ್ಚಾಗದೆ ಉಳಿದು, ಜೀವಕೋಶಕ್ಕೆ ಪೆಟ್ಟು ಕೊಡುವ ಆಕ್ಸಿಜನ್ ರೂಪಗಳು ಹುಟ್ಟುತ್ತವೆ. ಅಬ್ಸಿಸಿಕ್ ಆಮ್ಲ, ಜಾಸ್ಮೊನೇಟ್ ಎಂಬ ಹಾರ್ಮೋನುಗಳು ಏರುತ್ತವೆ. ಹುಳ ಎಲೆ ಕಚ್ಚಿದಾಗ ಏರುವುದೂ ಇದೇ ಜಾಸ್ಮೊನೇಟ್. ಇನ್ನೊಂದು ವಿಷಯ: ಬರದಲ್ಲಿ ಮೊದಲು ನಿಲ್ಲುವುದು ಬೆಳವಣಿಗೆ, ಸಕ್ಕರೆ ತಯಾರಿಕೆ ಆಮೇಲೆ. ನಡುವಿನ ಆ ಹೊತ್ತಿನಲ್ಲಿ ಮಿಕ್ಕಿದ ಸಕ್ಕರೆಯಲ್ಲಿ ಒಂದು ಪಾಲು ರಕ್ಷಣೆಯ ರಾಸಾಯನಿಕಗಳಿಗೆ ಹೋಗುತ್ತದೆ. ಅಶ್ವಗಂಧದಲ್ಲಿ ಅವು ವಿಥನೊಲೈಡ್‌ಗಳು. ಹುಳಕ್ಕೆ ಕಹಿ, ನಮಗೆ ಔಷಧಿ.

ಬರ ಎಷ್ಟು ತಗಲಿದೆ ಅಂತ ತಿಳಿಯಲು ಮೀಟರ್ ಏನೂ ಇಟ್ಟಿರಲಿಲ್ಲ. ಮಧ್ಯಾಹ್ನ ಎಲೆ ಜೋತು ಬಿದ್ದು, ಸಂಜೆ ಹೊತ್ತಿಗೆ ಮತ್ತೆ ಎದ್ದರೆ ಅದು ಹಗುರ ಬರ. ಬೆಳಿಗ್ಗೆಯೂ ಜೋತೇ ಇದ್ದರೆ ಮಿತಿ ಮೀರಿತು ಅಂತ ಅರ್ಥ. ಜೊತೆಗೆ ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡುತ್ತಿದ್ದೆ. ಮಳೆ ಮಾತ್ರ ನಮ್ಮ ಮಾತು ಕೇಳುವುದಿಲ್ಲ. ಚಿತ್ತಿ ಮಳೆ ಮೂರೂ ಪಟ್ಟಿಯನ್ನು ಒಂದೇ ಸಮ ತೋಯಿಸಿತು. ನಿಜವಾದ ವ್ಯತ್ಯಾಸ ಕಂಡದ್ದು ದೀಪಾವಳಿ ಕಳೆದ ಮೇಲೆ.

ಬರೀ ಮಳೆ ಕುಡಿದ ಪಟ್ಟಿಯಲ್ಲಿ ಎಲೆ ಸಣ್ಣ, ಗಿಡ ಗಿಡ್ಡ. ಕಹಿ ಏರಿದೆ, ಹುಳ ಬರುವುದಿಲ್ಲ ಅಂದುಕೊಳ್ಳಬೇಡಿ. ಎಲೆ ತಿರುಗಿಸಿದರೆ ತೆಳ್ಳನೆ ಬಲೆ, ಅದರೊಳಗೆ ಕೆಂಪು ನುಸಿ. ಒಣ ಹವೆಯಲ್ಲಿ ನುಸಿ ಬೇಗ ಬೇಗ ಮರಿ ಮಾಡುತ್ತದೆ.

ಕಾಯಿ ಕೆಂಪಾದ ಮೇಲೆ ಮೂರೂ ಪಟ್ಟಿಯ ಬೇರನ್ನು ಒಂದೇ ದಿನ ಕಿತ್ತೆ. ಗಿಡದ ವಯಸ್ಸು ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ತೊಳೆದು, ನೆರಳಲ್ಲಿ ಒಣಗಿಸಿ, ಬೇರಿನಲ್ಲಿ ವಿಥನೊಲೈಡ್ ಶೇಕಡಾ ಎಷ್ಟಿದೆ ಅಂತ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಒಂದು ಖಾಸಗಿ ಲ್ಯಾಬಿಗೆ ಕಳಿಸಿದೆ.

ಶೇಕಡಾವಾರಿನಲ್ಲಿ ಗೆದ್ದದ್ದು ಬರೀ ಮಳೆಯ ಪಟ್ಟಿಯೇ. ಆದರೆ ಬೇರು ಪೆನ್ನಿನ ರೀಫಿಲ್ಲಿನಷ್ಟು ದಪ್ಪ. ಪೂರ್ತಿ ನೀರು ಕುಡಿದದ್ದರಲ್ಲಿ ಸೊಪ್ಪು ಭರ್ಜರಿ, ಬೇರು ಕವಲು ಕವಲು, ಶೇಕಡಾ ಕಡಿಮೆ. ಲೆಕ್ಕಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಹೆಕ್ಟೇರಿಗೆ 200 ಕಿಲೋ ಬೇರು, ಶೇ. 0.30 ಇದ್ದರೆ ಸಿಗುವ ವಿಥನೊಲೈಡ್ 600 ಗ್ರಾಂ. 400 ಕಿಲೋ ಬೇರು, ಶೇ. 0.20 ಇದ್ದರೆ 800 ಗ್ರಾಂ. ತೂಕಕ್ಕೆ ಶೇಕಡಾ ಗುಣಿಸಿ ನೋಡಿದಾಗ ನನ್ನ ಹೊಲದಲ್ಲಿ ಮುಂದೆ ಬಂದದ್ದು ಮೂರನೆಯ ಪಟ್ಟಿ. ಬೇರು ದಪ್ಪವಾಗುವವರೆಗೆ ನೀರು ಕೊಟ್ಟು, ಕೊನೆಗೆ ಹಗುರವಾಗಿ ಒಣಗಿಸಿದ್ದು.

ಇದನ್ನು ಎಲ್ಲ ಗಿಡಕ್ಕೂ ಹಚ್ಚಬೇಡಿ. ನೆಲಬೇವಿನಲ್ಲಿ ಆಂಡ್ರೊಗ್ರಾಫೊಲೈಡ್ ಎಂಬ ಔಷಧಿ ಅಂಶ ಜಾಸ್ತಿ ಇರುವುದು ಎಲೆಯಲ್ಲಿ, ಕಾಂಡದಲ್ಲಿ ಕಡಿಮೆ. ನೀರು ತಪ್ಪಿಸಿದರೆ ಎಲೆಯೇ ಉದುರುತ್ತದೆ. ಅದಕ್ಕೆ ನಾನು ನೀರು ಕೊಡುತ್ತೇನೆ, ಹೂ ಬಿಡುವ ಹೊತ್ತಿಗೆ ಕೊಯ್ಯುತ್ತೇನೆ.

ನೀರಿನ ಲೆಕ್ಕ ಕೊಳ್ಳುವವರ ಮೇಲೂ ನಿಂತಿದೆ. ಮಂಡಿಯ ವ್ಯಾಪಾರಿ ಬೇರಿನ ದಪ್ಪ ನೋಡುತ್ತಾನೆ, ಮುರಿದು ಒಳಗೆ ಬೆಳ್ಳಗಿದೆಯಾ, ಪಟ್ ಅಂತ ಮುರಿಯಿತಾ ಅಂತ ನೋಡುತ್ತಾನೆ. ಶೇಕಡಾ ಕೇಳುವವರು ಸಾರ ತೆಗೆಯುವ ಕಂಪನಿಯವರು. ಅವರ ಜೊತೆ ಮೊದಲೇ ಮಾತಾಗದಿದ್ದರೆ ಬರೀ ಮಳೆಯ ಬೆಳೆ ರೈತನಿಗೆ ಲುಕ್ಸಾನು.

ಕೀಳುವಾಗ ಮಾತ್ರ ಒಣ ಹಟ ಬೇಡ. ಒಣಗಿದ ಮಸಾರಿ ಬೇರನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಎಳೆದರೆ ಅರ್ಧಕ್ಕೆ ತುಂಡಾಗುತ್ತದೆ. ಹಿಂದಿನ ದಿನ ಸ್ವಲ್ಪ ನೀರು ಬಿಟ್ಟು ಮಣ್ಣು ಸಡಿಲ ಮಾಡಿಕೊಳ್ಳಿ. ತುಂಡು ಬೇರು ಕೆಳಗಿನ ಗ್ರೇಡಿಗೆ ಹೋಗುತ್ತದೆ, ಅದರಲ್ಲಿ ಎಷ್ಟೇ ವಿಥನೊಲೈಡ್ ಇರಲಿ.