ಟೂರ್ ಬಸ್ ಹತ್ತದೆ ಟ್ರೋಮ್ಸೋದಲ್ಲಿ ನಾರ್ದರ್ನ್ ಲೈಟ್ಸ್ ನೋಡಿದ್ದು

ನಾರ್ದರ್ನ್ ಲೈಟ್ಸ್ (ಅರೋರಾ), ಅಂದರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯೋ ಬಣ್ಣದ ಬೆಳಕು, ಅದನ್ನು ನೋಡೋಕೆ ಟೂರ್ ಇಲ್ಲದೆ ಜನವರಿಯಲ್ಲಿ ನಾರ್ವೆಯ ಟ್ರೋಮ್ಸೋಗೆ ಹೋದರೆ ದುಡ್ಡು ದಂಡ, ಏನೂ ಕಾಣಲ್ಲ ಅಂದವರೇ ಜಾಸ್ತಿ. ಈಗ ಫೋಟೋ ನೋಡಿ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ವೀಸಾ, ಥರ್ಮಲ್, ಉಣ್ಣೆ ಕಾಲುಚೀಲ ಇದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ.

ಮೊದಲು ದುಡ್ಡು. ರಾತ್ರಿ ಟೂರ್‌ಗೆ ತಲೆಗೆ ಸುಮಾರು 1,500 ಕ್ರೋನರ್. ಕ್ರೋನರ್‌ಗೆ ಎಂಟು ರೂಪಾಯಿ ಅಂತ ಹಿಡಿದರೂ ನನಗೂ ಹೆಂಡತಿಗೂ ಸೇರಿ ಒಂದೇ ರಾತ್ರಿಗೆ 24,000. ಮೋಡ ಮುಚ್ಚಿದರೆ ಅದೂ ಹೋಯಿತು. ಅದೇ ದುಡ್ಡಲ್ಲಿ ಅಡುಗೆಮನೆ ಇರೋ ಸಣ್ಣ ರೂಮಲ್ಲಿ ಇನ್ನೂ ಎರಡು ರಾತ್ರಿ ಇರಬಹುದು. ನನ್ನ ಲೆಕ್ಕ ಇಷ್ಟೇ: ರಾತ್ರಿ ಜಾಸ್ತಿ ಸಿಕ್ಕಷ್ಟೂ ಆಕಾಶ ತೆರೆಯೋ ಅವಕಾಶ ಜಾಸ್ತಿ.

ಮೊದಲ ಕೆಲವು ರಾತ್ರಿ ಪೂರ್ತಿ ಸೊನ್ನೆ. ಸಮುದ್ರದ ಕಡೆಯಿಂದ ಮೋಡ ಬರುತ್ತಲೇ ಇತ್ತು, ಮಳೆ ಹಿಮ ಎರಡೂ ಸೇರಿ ಮುಖಕ್ಕೆ ಹೊಡೆಯುತ್ತಿತ್ತು. ಅರೋರಾ ಆ್ಯಪ್‌ನಲ್ಲಿ ಕೆಪಿ (ಅರೋರಾ ಎಷ್ಟು ಜೋರಾಗಿರಬಹುದು ಅಂತ 0ಯಿಂದ 9ರವರೆಗೆ ಹೇಳೋ ಅಂಕೆ) 5 ಅಂತ ತೋರಿಸಿದ ರಾತ್ರಿ ಒಂದು ನಕ್ಷತ್ರವೂ ಕಾಣಲಿಲ್ಲ. ಆಮೇಲೆ ಕೆಪಿ ಬರೀ 2 ಇದ್ದಾಗ ಅರೋರಾ ಆಕಾಶ ತುಂಬಾ ಬಂತು! ಟ್ರೋಮ್ಸೋ ಇರೋದೇ 69 ಡಿಗ್ರಿ ಉತ್ತರದಲ್ಲಿ, ಧ್ರುವದ ಸುತ್ತ ಅರೋರಾ ಮೂಡೋ ಉಂಗುರದ ಅಡಿಯಲ್ಲೇ. ಅಲ್ಲಿ ಕೆಪಿ ನೋಡಿ ಕೂರೋದು ಬೇಡ, ಮೋಡ ನೋಡಿ. ನಾರ್ವೆಯವರ ಹವಾಮಾನದ ಆ್ಯಪ್ ಯೂರ್‌ನಲ್ಲಿ (Yr) ಗಂಟೆಗಂಟೆಯ ಮೋಡದ ಲೆಕ್ಕ ಪುಕ್ಕಟೆ ಸಿಗುತ್ತೆ. ಎಲ್ಲಿ ಎರಡು ಗಂಟೆ ಬಿಡುವು ಕಾಣುತ್ತೋ ಆಗ ಹೊರಡೋದು.

ಊರಿನ ಗುಡ್ಡದ ಮೇಲೆ ಪ್ರೆಸ್ಟ್‌ವಾನೆಟ್ ಅಂತ ಕೆರೆ ಇದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿರುತ್ತೆ. ಪೇಟೆಯಿಂದ ಅರ್ಧ ಗಂಟೆ ಏರು ದಾರಿ. ಬೂಟಿಗೆ ಮುಳ್ಳಿನ ಪಟ್ಟಿ ಹಾಕದೆ ಹತ್ತಬೇಡಿ, ರಸ್ತೆ ಗಾಜಿನಂತಿರುತ್ತೆ. ಮೊದಲು ತಲೆಯ ಮೇಲೆ ತೆಳ್ಳಗೆ ಬಿಳಿ ಗೆರೆ ಕಂಡಿತು. ಮೋಡ ಅಂದಳು ಹೆಂಡತಿ. ಫೋನನ್ನು ಮೂರು ಸೆಕೆಂಡ್ ನೈಟ್ ಮೋಡ್‌ನಲ್ಲಿ ಹಿಡಿದರೆ ಪೂರ್ತಿ ಹಸಿರು. ಐದು ನಿಮಿಷದಲ್ಲಿ ಆ ಗೆರೆ ದಪ್ಪಗಾಗಿ, ಮಡಿಕೆ ಮಡಿಕೆಯಾಗಿ ಓಡೋಕೆ ಶುರುವಾಯಿತು. ಕೆಳ ಅಂಚಲ್ಲಿ ಗುಲಾಬಿ ಬಣ್ಣ ಬರಿಗಣ್ಣಿಗೇ ಕಂಡಿತು. ಇಬ್ಬರೂ ಕೂಗಿಬಿಟ್ಟೆವು.

ಇನ್ನೂ ಚೆನ್ನಾಗಿ ಕಂಡಿದ್ದು ಕ್ವಾಲೋಯಾ ದ್ವೀಪದಲ್ಲಿ. 50 ಕ್ರೋನರ್ ಒಳಗಿನ ಬಸ್ ಟಿಕೆಟ್. ಯಾವ ಸ್ಟಾಪ್ ಅಂತ ಮಾತ್ರ ಹೇಳಲ್ಲ, ನಾಲ್ಕು ಜನ ನಿಂತರೆ ತುಂಬಿಹೋಗೋ ಜಾಗ ಅದು. ವಾಪಸ್ ಬರೋ ಕೊನೆಯ ಬಸ್ ಯಾವಾಗ ಅಂತ ಮೊದಲೇ ನೋಡಿಕೊಂಡು ಹೋಗಿ.

ಚಳಿಗೆ ಫೋನ್ 60 ಪರ್ಸೆಂಟ್ ಇದ್ದರೂ ಆಫ್ ಆಗುತ್ತೆ. ಒಳಜೇಬಲ್ಲಿ ಮೈಗೆ ಅಂಟಿಕೊಂಡಂತೆ ಇಡಿ. ರೂಮಿಗೆ ಬರೋ ಮುಂಚೆ ಜಿಪ್ ಕವರ್‌ಗೆ ಹಾಕಿ, ಲೆನ್ಸ್ ಮೇಲೆ ಹನಿ ಕೂರಲ್ಲ.

ಮಧ್ಯೆ ಮೊಸರಿನ ಪ್ರಯೋಗವೂ ನಡೆಯಿತು. ಅಂಗಡಿ ಯೋಗರ್ಟ್ ಕಲಸಿದರೆ ಮೊಸರನ್ನದ ರುಚಿ ಬರಲಿಲ್ಲ. ಅಡುಗೆಮನೆ ಕಟ್ಟೆ ಮೇಲೆ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆಯೂ ಹಾಲಾಗೇ ಇತ್ತು. ಅಲ್ಲಿ ಬಾತ್‌ರೂಮ್ ನೆಲ ಬೆಚ್ಚಗಿರುತ್ತೆ, ಟೈಲ್ಸ್ ಕೆಳಗೆ ಹೀಟರ್ ಇರುತ್ತೆ ಅಲ್ವಾ? ಪಾತ್ರೆಗೆ ಮುಚ್ಚಳ ಹಾಕಿ, ಟವೆಲ್ ಸುತ್ತಿ ಅಲ್ಲಿಟ್ಟೆ. ಹತ್ತು ಗಂಟೆಯಲ್ಲಿ ಗಟ್ಟಿ ಮೊಸರು. ಒದ್ದೆ ಸಾಕ್ಸ್‌ಗೂ ಅದೇ ನೆಲ.

ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟಲ್ಲ. ಹಾಗಂತ ಹಗಲು ಪೂರ್ತಿ ಕತ್ತಲೆ ಅಂದುಕೊಳ್ಳಬೇಡಿ, ಮಧ್ಯಾಹ್ನದ ಹೊತ್ತು ಕೆಲವು ಗಂಟೆ ನೀಲಿ ಬೆಳಕು ಇರುತ್ತೆ. ಕೇಬಲ್ ಕಾರ್‌ನಲ್ಲಿ 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್‌ಗೆ ಹೋಗೋದಾದರೆ ಆಗಲೇ ಹೋಗಿ. ಫ್ಲೈಟ್ ಬಿಟ್ಟು ಇಬ್ಬರಿಗೆ ವಾರಕ್ಕೆ ಒಂದು ಲಕ್ಷದ ಮೇಲೆ ಸ್ವಲ್ಪ ಆಯಿತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರೂಮಿಗೇ. ರೂಮನ್ನು ಜೂನ್, ಜುಲೈನಲ್ಲೇ ಬುಕ್ ಮಾಡಿ.