ಏರ್‌ಬ್ಯಾಗ್ ದೀಪ ಆರದಿದ್ದರೆ: ಅವ್ವನ ಸೀಟಿನ ಕೆಳಗಿನ ಹಳದಿ ಕಪ್ಲರ್

ಕಳೆದ ಆಷಾಢದಲ್ಲಿ ಅವ್ವನನ್ನು ಕಣ್ಣು ತೋರಿಸಲು ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಬೇಲೂರು ದಾಟುವ ಹೊತ್ತಿಗೆ ಮೀಟರ್‌ನಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡಿತು. ಬೆಲ್ಟ್ ಹಾಕಿ ಕೂತ ಮನುಷ್ಯ, ಅವನ ಮುಂದೆ ಒಂದು ದುಂಡನೆಯ ಚೆಂಡು. ಏರ್‌ಬ್ಯಾಗ್ ದೀಪ. ಕಾರು ಮಾತ್ರ ಎಂದಿನಂತೆ ಓಡುತ್ತಿತ್ತು. ಬ್ರೇಕ್ ಸರಿ, ಎಂಜಿನ್ ಸರಿ. ಹಾಗಾಗಿ ನಾನು ಹನ್ನೆರಡು ದಿನ ಸುಮ್ಮನಿದ್ದೆ. ಅದರ ಮಧ್ಯೆ ಒಂದು ಸಲ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೂ ಹೋಗಿ ಬಂದೆವು. ಹಾಗೆ ಹೋಗಬಾರದಿತ್ತು. ಈಗ ಗೊತ್ತಾಗಿರುವುದು ಆಗ ಗೊತ್ತಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ನಮ್ಮ ಮನೆ ಆಲ್ದೂರಿನ ಹತ್ತಿರ. ನಾನು ಮೆಕ್ಯಾನಿಕ್ ಅಲ್ಲ, ನಾಲ್ಕು ಎಕರೆ ಕಾಫಿ ನೋಡಿಕೊಂಡಿರುವವನು. ಆದರೆ ಈ ಒಂದು ದೀಪದ ಹಿಂದೆ ಮೂರು ಕಡೆ ಅಲೆದೆ. ಹಾಗೆ ಅಲೆದು ಕಲಿತದ್ದನ್ನು ಬರೆದಿಟ್ಟರೆ ಇನ್ನೊಬ್ಬರಿಗೆ ಅಷ್ಟು ತಿರುಗಾಟ ತಪ್ಪುತ್ತದೆ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೀಪ ಏನು ಹೇಳುತ್ತಿದೆ ಅಂತ ತಿಳಿಯಬೇಕು. ಕೀ ತಿರುಗಿಸಿದ ಕೂಡಲೇ ಅದು ಹತ್ತಬೇಕು. ಸುಮಾರು ಆರು ಸೆಕೆಂಡ್ ಉರಿದು, ತಾನಾಗಿಯೇ ಆರಬೇಕು. ಆ ಹೊತ್ತಿನಲ್ಲಿ ಏರ್‌ಬ್ಯಾಗ್‌ನ ಕಂಟ್ರೋಲ್ ಯೂನಿಟ್ ತನ್ನ ಎಲ್ಲ ವೈರ್‌ಗಳನ್ನೂ ಸೆನ್ಸರ್‌ಗಳನ್ನೂ ಪರೀಕ್ಷೆ ಮಾಡಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ತೊಂದರೆ ಕಂಡರೆ ದೀಪ ಆರುವುದಿಲ್ಲ. ಆರದೇ ಇದ್ದರೆ, ಗುದ್ದಿದ ಹೊತ್ತಿನಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದೇ ಹೋಗಬಹುದು. ಸೀಟ್ ಬೆಲ್ಟನ್ನು ಥಟ್ಟನೆ ಬಿಗಿ ಮಾಡುವ ಪ್ರಿಟೆನ್ಷನರ್ ಕೂಡ ಕೆಲಸ ಮಾಡದೇ ಇರಬಹುದು. ಕಾರು ಚೆನ್ನಾಗಿ ಓಡುತ್ತಿದೆಯಲ್ಲ ಅಂತ ಬಿಟ್ಟರೆ, ತೊಂದರೆ ಗೊತ್ತಾಗುವುದು ಅಪಘಾತದ ದಿನ ಮಾತ್ರ.

ಇನ್ನೊಂದು ಮಾತು. ಕೀ ತಿರುಗಿಸಿದಾಗ ದೀಪ ಹತ್ತಲೇ ಇಲ್ಲ ಅಂದರೆ ಅದೂ ದೋಷವೇ. ಹಳೆಯ ಕಾರು ಕೊಳ್ಳುವವರು ಇದನ್ನು ನೋಡಲೇಬೇಕು. ಎಂಜಿನ್ ಸ್ಟಾರ್ಟ್ ಮಾಡಬೇಡಿ, ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ ಕಾಯಿರಿ. ದೀಪ ಹತ್ತಿ ತಾನಾಗಿಯೇ ಆರಿದರೆ ಸರಿ. ಆರದೇ ಇದ್ದು, ಎಂಜಿನ್ ಸ್ಟಾರ್ಟ್ ಆದ ಗಳಿಗೆಯಲ್ಲೇ ಆಯಿಲ್ ದೀಪದ ಜೊತೆ ಆರಿದರೆ ಅನುಮಾನ ಪಡಿ. ಏರ್‌ಬ್ಯಾಗ್ ದೀಪದ ವೈರನ್ನು ಬೇರೆ ದೀಪಕ್ಕೆ ಸೇರಿಸಿ ಕಣ್ಣಿಗೆ ಮಣ್ಣೆರಚುವವರು ಇದ್ದಾರೆ.

ದೀಪ ಹತ್ತಿದ ಮೇಲೆ ಗ್ಯಾರೇಜಿಗೆ ಓಡುವ ಮುಂಚೆ ಒಂದು ಕೆಲಸ ಮಾಡಿ. ಅದು ಯಾವಾಗ ಹತ್ತುತ್ತದೆ ಅಂತ ಬರೆದಿಡಿ. ಸೀಟ್ ಹಿಂದೆ ಮುಂದೆ ಸರಿಸಿದಾಗಲಾ? ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲಾ? ಮಳೆ ಬಂದ ಮಾರನೇ ದಿನವಾ? ಬ್ಯಾಟರಿ ಇಳಿದು ಬೇರೆ ಕಾರಿನಿಂದ ಸ್ಟಾರ್ಟ್ ಮಾಡಿಸಿದ ಮೇಲಾ? ಮೊಬೈಲ್‌ನಲ್ಲಿ ಒಂದು ವಿಡಿಯೋ ತೆಗೆದಿಡಿ. ಎಷ್ಟೋ ಸಲ ಗ್ಯಾರೇಜ್ ಮುಟ್ಟುವಷ್ಟರಲ್ಲಿ ದೀಪ ಆರಿರುತ್ತದೆ. ಆಗ ನಮ್ಮ ಮಾತು ನಂಬುವವರು ಯಾರು, ಅಲ್ವಾ?

ಸ್ಟೀರಿಂಗ್ ತಿರುಗಿಸುವಾಗ ದೀಪ ಹತ್ತುತ್ತಿದ್ದು, ಜೊತೆಗೆ ಹಾರ್ನ್ ಅಥವಾ ಸ್ಟೀರಿಂಗ್ ಮೇಲಿನ ಬಟನ್‌ಗಳೂ ಕೈ ಕೊಡುತ್ತಿದ್ದರೆ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಟೀರಿಂಗ್ ಒಳಗೆ ಸುರುಳಿ ಸುತ್ತಿಕೊಂಡಿರುವ ಚಪ್ಪಟೆ ವೈರ್ ಅದು. ಸ್ಟೀರಿಂಗ್ ತಿರುಗಿದಾಗೆಲ್ಲ ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಕೊನೆಗೆ ಒಳಗೇ ತುಂಡಾಗುತ್ತದೆ. ಅದನ್ನು ರಿಪೇರಿ ಮಾಡಿಸಬೇಡಿ, ಹೊಸದೇ ಹಾಕಿಸಿ. ಹಾಕುವಾಗ ಟೈರ್‌ಗಳು ನೇರವಾಗಿರಬೇಕು, ಸುರುಳಿ ಸರಿಯಾಗಿ ಮಧ್ಯಕ್ಕೆ ಕೂತಿರಬೇಕು. ಇಲ್ಲದಿದ್ದರೆ ಮೊದಲ ಪೂರ್ತಿ ತಿರುವಿನಲ್ಲೇ ಹರಿದುಹೋಗುತ್ತದೆ.

ನನ್ನ ಕಾರಿನದು ಸೀಟಿನ ಕಥೆ. ಅದರಲ್ಲಿ ಮುಂದಿನ ಸೀಟುಗಳ ಬದಿಯಲ್ಲೂ ಏರ್‌ಬ್ಯಾಗ್ ಇದೆ. ಅವಕ್ಕೆ ಹೋಗುವ ವೈರ್ ಸೀಟಿನ ಕೆಳಗೆ ಒಂದು ಹಳದಿ ಕಪ್ಲರ್‌ನಲ್ಲಿ, ಅಂದರೆ ವೈರ್‌ಗಳನ್ನು ಜೋಡಿಸುವ ಪ್ಲಗ್‌ನಲ್ಲಿ, ಸೇರುತ್ತದೆ. ಹಳದಿ ಬಣ್ಣ ಕಂಡರೆ ಏರ್‌ಬ್ಯಾಗ್ ವೈರ್ ಅಂತ ತಿಳಿಯಿರಿ. ಬಹುತೇಕ ಕಾರುಗಳಲ್ಲಿ ಹಾಗೇ. ನಮ್ಮ ಅವ್ವನಿಗೆ ಒಂದು ಅಭ್ಯಾಸ. ಮಳೆಗಾಲ ಪೂರ್ತಿ ಒದ್ದೆ ಕೊಡೆಯನ್ನು ತನ್ನ ಸೀಟಿನ ಕೆಳಗೆ ತುರುಕುತ್ತಾಳೆ. ಮೂಡಿಗೆರೆ, ಆಲ್ದೂರು ಕಡೆಯ ಮಳೆ ಗೊತ್ತಲ್ಲ, ಕಾರಿನ ಕಾರ್ಪೆಟ್ ತಿಂಗಳುಗಟ್ಟಲೆ ಒಣಗುವುದಿಲ್ಲ. ಆ ಕೊಡೆ ಎರಡು ಮಳೆಗಾಲ ಕಪ್ಲರನ್ನು ಎಳೆದಿತ್ತು, ನೆನೆಸಿತ್ತು. ಇದು ಕೊನೆಗೆ ಗೊತ್ತಾದ ವಿಷಯ. ಅಲ್ಲಿಗೆ ಮುಟ್ಟಿದ್ದು ಸುಲಭವಾಗಿ ಅಲ್ಲ.

ಮೊದಲು ಪೇಟೆಯ ಒಂದು ಗ್ಯಾರೇಜಿಗೆ ಹೋದೆ. ಅವರು ಕಾರು ತಾನೇ ಬರೆದಿಟ್ಟುಕೊಂಡ ದೋಷದ ಗುರುತನ್ನು, ಅಂದರೆ ಕೋಡನ್ನು, ಓದುವ ಅಂಗೈಯಷ್ಟು ಸಣ್ಣ ಸ್ಕ್ಯಾನರ್ ಹಾಕಿ, ‘ಕೋಡ್ ಏನೂ ಇಲ್ಲ ಸಾರ್, ಬೇಕಾದ್ರೆ ಒಂದು ರೆಸಿಸ್ಟರ್ ಹಾಕಿ ಲೈಟ್ ಆಫ್ ಮಾಡಿ ಕೊಡ್ತೀನಿ’ ಅಂದರು. ಇಲ್ಲಿ ಎರಡು ವಿಷಯ ನೆನಪಿಡಿ. ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಅವು ‘ಪಿ’ ಅಕ್ಷರದಿಂದ ಶುರುವಾಗುತ್ತವೆ. ಏರ್‌ಬ್ಯಾಗ್ ಕೋಡ್‌ಗಳು ಸಾಮಾನ್ಯವಾಗಿ ‘ಬಿ’ಯಿಂದ ಶುರು. ಅವನ್ನು ಓದಲು ಆ ಕಾರಿನ ಎಸ್‌ಆರ್‌ಎಸ್ ಯೂನಿಟ್, ಅಂದರೆ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್, ಜೊತೆ ಮಾತಾಡುವ ಸ್ಕ್ಯಾನರ್ ಬೇಕು. ಕೆಲಸ ಒಪ್ಪಿಸುವ ಮುಂಚೆ ‘ನಿಮ್ಮ ಸ್ಕ್ಯಾನರ್ ಎಸ್‌ಆರ್‌ಎಸ್ ಓದುತ್ತಾ?’ ಅಂತ ಕೇಳಿ.

ಎರಡನೆಯದು ಆ ರೆಸಿಸ್ಟರ್, ಕರೆಂಟಿಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ. ಏರ್‌ಬ್ಯಾಗ್ ಒಳಗೆ ಅದನ್ನು ಸಿಡಿಸುವ ಒಂದು ಸಣ್ಣ ಸಾಧನ ಇರುತ್ತದೆ. ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಎರಡು ಮೂರು ಓಮ್ ಅಷ್ಟೇ. ಅದರ ಜಾಗದಲ್ಲಿ ಅಷ್ಟೇ ಓಮ್‌ನ ರೆಸಿಸ್ಟರ್ ಇಟ್ಟರೆ ಯೂನಿಟ್ ‘ಏರ್‌ಬ್ಯಾಗ್ ಇದೆ’ ಅಂತ ನಂಬುತ್ತದೆ, ದೀಪ ಆರುತ್ತದೆ. ಏರ್‌ಬ್ಯಾಗ್ ಮಾತ್ರ ವೈರ್‌ನಿಂದ ಬೇರೆಯಾಗಿ ಸುಮ್ಮನೆ ಕೂತಿರುತ್ತದೆ. ದೋಷ ಹುಡುಕುವಾಗ ತಿಳಿದವರು ಇಂಥ ರೆಸಿಸ್ಟರನ್ನು ಸ್ವಲ್ಪ ಹೊತ್ತು ಹಾಕಿ ನೋಡುತ್ತಾರೆ, ಅದು ಸರಿಯಾದ ವಿಧಾನವೇ. ಅದನ್ನೇ ಒಳಗೆ ಬಿಟ್ಟು ಕಾರು ಕೊಡುವುದು ಮನುಷ್ಯರ ಜೀವದ ಜೊತೆ ಆಟ. ನಾನು ಬೇಡ ಅಂದು ಕಾರು ತಿರುಗಿಸಿದೆ.

ಎರಡನೇ ಕಡೆ ಸರಿಯಾದ ಸ್ಕ್ಯಾನರ್ ಇತ್ತು. ಪ್ರಯಾಣಿಕರ ಬದಿಯ ಸೈಡ್ ಏರ್‌ಬ್ಯಾಗ್, ರೆಸಿಸ್ಟೆನ್ಸ್ ಜಾಸ್ತಿ ಅಂತ ಕೋಡ್ ಬಂತು. ಅವರು ಕೂಡಲೇ ಸೀಟಿನ ವೈರಿಂಗ್ ಪೂರ್ತಿ ಬದಲಿಸಬೇಕು, ಮಾಲು ಬರಲು ಮೂರು ವಾರ ಅಂದರು. ಕಪ್ಲರನ್ನು ಬಿಚ್ಚಿ ನೋಡಲೇ ಇಲ್ಲ. ಆ ಕೋಡ್‌ನ ಪ್ರಿಂಟ್ ಮಾತ್ರ ತೆಗೆದುಕೊಂಡು ಬಂದೆ. ಮುಂದೆ ಅದೇ ದಾರಿ ತೋರಿಸಿತು.

ಆ ಕೋಡ್‌ನಲ್ಲಿ ಬರುವ ಮಾತುಗಳ ಅರ್ಥ ನಮಗೂ ಗೊತ್ತಿರಬೇಕು. ರೆಸಿಸ್ಟೆನ್ಸ್ ಜಾಸ್ತಿ ಅಥವಾ ಓಪನ್ ಅಂದರೆ ಎಲ್ಲೋ ಕಪ್ಲರ್ ಸಡಿಲ, ಪಿನ್‌ಗೆ ಕಿಲುಬು ಹಿಡಿದಿದೆ, ಇಲ್ಲವೇ ವೈರ್ ತುಂಡಾಗಿದೆ. ರೆಸಿಸ್ಟೆನ್ಸ್ ಕಮ್ಮಿ ಅಂದರೆ ಎರಡು ವೈರ್‌ಗಳು ಒಂದಕ್ಕೊಂದು ತಾಗುತ್ತಿವೆ. ಶಾರ್ಟ್ ಟು ಗ್ರೌಂಡ್ ಅಂದರೆ ಮೇಲಿನ ಪ್ಲಾಸ್ಟಿಕ್ ಸವೆದು ವೈರ್ ಕಾರಿನ ಲೋಹಕ್ಕೆ ತಾಗಿದೆ. ಶೆಡ್ಡಿನಲ್ಲಿ ಕಾರು ನಿಲ್ಲಿಸುವವರಿಗೆ ಇದು ಇಲಿ ಕಡಿದದ್ದೂ ಆಗಿರಬಹುದು. ಕಾಫಿ ಮೂಟೆ, ಭತ್ತ ಇಡುವ ಕಡೆ ಇಲಿ ಇದ್ದೇ ಇರುತ್ತದೆ. ಈಗಿನ ಕೋಡಾ, ಹಳೆಯದಾ ಅಂತಲೂ ಕೇಳಿ. ಅಳಿಸಿದ ಕೂಡಲೇ ಮತ್ತೆ ಬಂದರೆ ದೋಷ ಈಗಲೂ ಇದೆ. ಗುಂಡಿ ರಸ್ತೆಯಲ್ಲಿ ಹೋದ ಮೇಲೆ ಬಂದರೆ ಎಲ್ಲೋ ಅಲುಗಾಡುತ್ತಿದೆ. ಕೋಡ್ ಅಳಿಸುವುದೇ ರಿಪೇರಿ ಅಲ್ಲ.

ಮೂರನೆಯವರು ಹಾಸನದ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಅವರ ಹತ್ತಿರ ಹೋಗುವ ಹಿಂದಿನ ದಿನ ನಾನೇ ಒಂದು ಕೈ ನೋಡೋಣ ಅಂತ, ವೈರ್‌ನಲ್ಲಿ ಕರೆಂಟ್ ಇದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪ್ ಹಿಡಿದು ಕಾರಿನ ಬಾಗಿಲು ತೆಗೆದಿದ್ದೆ. ತೋಟದ ಪಂಪ್‌ಸೆಟ್ ಸ್ಟಾರ್ಟರನ್ನು ನಾನೇ ಬಿಚ್ಚಿ ಕಟ್ಟುತ್ತೇನೆ, ಆ ಧೈರ್ಯ. ಅಷ್ಟರಲ್ಲಿ ಕೆಲಸದವರು ಕರೆದರು, ಹೋದೆ. ಮಾರನೇ ದಿನ ಇದನ್ನು ಹೇಳಿದಾಗ ಆ ಎಲೆಕ್ಟ್ರಿಷಿಯನ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ‘ಅಣ್ಣಾ, ಟೆಸ್ಟ್ ಲ್ಯಾಂಪ್ ಕರೆಂಟಿಗೇ ಅದು ಸಿಡಿಯಬಹುದು. ಮಲ್ಟಿಮೀಟರನ್ನೂ ಏರ್‌ಬ್ಯಾಗಿಗೆ ಇಡಬಾರದು’ ಅಂದರು. ಇದನ್ನು ದಯವಿಟ್ಟು ನೆನಪಿಡಿ. ಏರ್‌ಬ್ಯಾಗ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸ್ಫೋಟದಂತೆ ಹಿಗ್ಗುತ್ತದೆ. ಮುಖದ ಮುಂದೆ ಹಾಗೆ ಆದರೆ ಏನಾಗಬಹುದು ಯೋಚಿಸಿ. ಇದು ನಾವು ಮನೆಯಲ್ಲಿ ಬಿಚ್ಚುವ ಕೆಲಸ ಅಲ್ಲ. ಸೀಟಿನ ಕೆಳಗೆ ಟಾರ್ಚ್ ಬಿಟ್ಟು ಕಣ್ಣಲ್ಲಿ ನೋಡಿ, ಫೋಟೋ ತೆಗೆಯಿರಿ. ಅಲ್ಲಿಗೆ ನಿಲ್ಲಿಸಿ.

ಅವರು ಮಾಡಿದ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಕೀ ತೆಗೆದರು. ಬ್ಯಾಟರಿಯ ಮೈನಸ್ ಬಿಚ್ಚಿದರು. ಆಮೇಲೆ ಏನೂ ಮಾಡದೆ ಟೀ ಕುಡಿದರು. ಯಾಕೆ ಅಂದರೆ, ಬ್ಯಾಟರಿ ತೆಗೆದರೂ ಏರ್‌ಬ್ಯಾಗ್ ಯೂನಿಟ್ ಒಳಗಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಕೆಲವು ಕಾರಿಗೆ 90 ಸೆಕೆಂಡ್, ಕೆಲವಕ್ಕೆ 3 ನಿಮಿಷ ಅಂತ ಅದರ ಪುಸ್ತಕದಲ್ಲಿ ಇರುತ್ತದೆ. ಅವರು ಹತ್ತು ನಿಮಿಷ ಕಾದರು. ನಿಮ್ಮ ಮೆಕ್ಯಾನಿಕ್ ಕೀ ಆನ್ ಇಟ್ಟುಕೊಂಡೇ ಹಳದಿ ಕಪ್ಲರಿಗೆ ಕೈ ಹಾಕಿದರೆ ಕೂಡಲೇ ತಡೆಯಿರಿ.

ಕಪ್ಲರ್ ಬಿಚ್ಚಿದಾಗ ಎಲ್ಲ ಕಂಡಿತು. ಲಾಕ್‌ನ ಮೂಲೆ ಮುರಿದಿತ್ತು. ಒಂದು ಪಿನ್ ಹಸಿರು ಕಿಲುಬು ಹಿಡಿದು ನಿಂತಿತ್ತು. ಅವರು ಅದನ್ನು ಕೆರೆದು, ಟೇಪ್ ಸುತ್ತಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಎರಡು ಮೂರು ಓಮ್‌ನ ಲೆಕ್ಕದಲ್ಲಿ ಓಡುವ ವೈರ್ ಇದು. ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲಕ್ಕೇ ಸಡಿಲವಾಗಿ ದೀಪ ಮತ್ತೆ ಹತ್ತುತ್ತದೆ. ಏರ್‌ಬ್ಯಾಗ್ ವೈರನ್ನು ಕತ್ತರಿಸಿ ಜೋಡಿಸಲೇಬಾರದು ಅಂತ ಅನೇಕ ಕಂಪನಿಗಳ ಸರ್ವಿಸ್ ಪುಸ್ತಕ ಹೇಳುತ್ತದೆ. ಕೆಲವು ಕಂಪನಿಗಳು ಕಪ್ಲರ್ ಸಮೇತ ಬರುವ ಸಣ್ಣ ವೈರ್ ತುಂಡನ್ನು ತಾವು ಹೇಳಿದ ಕ್ರಮದಲ್ಲಿ ಹಾಕಲು ಬಿಡುತ್ತವೆ. ನಮ್ಮ ಕಾರಿಗೆ ಅದು ಸಿಗುತ್ತಿತ್ತು. ನಾಲ್ಕು ದಿನದಲ್ಲಿ ಬಂತು. ಒತ್ತಿ ಕೂರಿಸುವ ಜೋಡಣೆ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ. ಎರಡು ವೈರ್‌ಗಳು ಮೊದಲಿನಂತೆಯೇ ಹುರಿಗೊಂಡಿರುವಂತೆ ನೋಡಿಕೊಂಡರು. ಹೊರಗಿನ ತರಂಗಗಳ ತೊಂದರೆ ತಾಗದಿರಲಿ ಅಂತ ಕಂಪನಿಯವರೇ ಹಾಗೆ ಹುರಿ ಮಾಡಿರುತ್ತಾರೆ. ಸಾಮಾನು, ಕೂಲಿ ಸೇರಿ ನನಗೆ 1,850 ರೂಪಾಯಿ ಆಯಿತು. ನಿಮ್ಮ ಕಾರಿಗೆ ವಾರಂಟಿ ಇನ್ನೂ ಇದ್ದರೆ ಹೊರಗೆ ಕೈ ಹಾಕಿಸಬೇಡಿ, ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಗುಜರಿಯಿಂದ ತಂದ ಏರ್‌ಬ್ಯಾಗ್ ಸಾಮಾನಂತೂ ಬೇಡವೇ ಬೇಡ.

ರಿಪೇರಿ ಆದ ಕಾರು ವಾಪಸ್ ತೆಗೆದುಕೊಳ್ಳುವಾಗ ಅವಸರ ಮಾಡಬೇಡಿ. ಬ್ಯಾಟರಿ ಕೂರಿಸಿದ ಮೇಲೆ ಕೋಡ್ ಅಳಿಸಿ, ಕೀ ಆನ್ ಮಾಡಿ ದೀಪ ತಾನಾಗಿ ಆರುವುದನ್ನು ನೋಡಿದೆವು. ಸೀಟನ್ನು ಹತ್ತು ಸಲ ಹಿಂದೆ ಮುಂದೆ ಸರಿಸಿದೆವು. ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದೆವು. ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು, ಒಂದೆರಡು ಹಂಪ್ ಹಾರಿಸಿ ಬಂದು ಮತ್ತೆ ಸ್ಕ್ಯಾನ್ ಮಾಡಿದೆವು. ಕೋಡ್ ಇಲ್ಲ. ಮೊದಲಿನ ಪ್ರಿಂಟ್, ನಂತರದ ಪ್ರಿಂಟ್, ಬಿಲ್, ತೆಗೆದ ಹಳೆಯ ಕಪ್ಲರ್, ನಾಲ್ಕೂ ನನ್ನ ಹತ್ತಿರ ಇವೆ.

ಹೊರಡುವಾಗ ಎಲೆಕ್ಟ್ರಿಷಿಯನ್ ಸೀಟ್ ಕವರ್ ಮೇಲೆ ಕೈ ಆಡಿಸಿದರು. ದಪ್ಪ ರೆಕ್ಸಿನ್ ಕವರ್, ಕಾರು ತಂದ ವಾರವೇ ಹೊಲಿಸಿದ್ದು. ಸೈಡ್ ಏರ್‌ಬ್ಯಾಗ್ ಸೀಟಿನ ಹೊಲಿಗೆಯನ್ನು ಸೀಳಿಕೊಂಡು ಬರಬೇಕು, ಇಂಥ ಕವರ್ ಅದನ್ನು ತಡೆಯುತ್ತದೆ ಅಂದರು. ಅಲ್ಲೇ ಎರಡೂ ಕವರ್ ಬಿಚ್ಚಿ ಹಿಂದಿನ ಸೀಟಿಗೆ ಎಸೆದೆ. ಅವ್ವ ತನ್ನ ಕೊಡೆಯನ್ನು ಎತ್ತಿ, ಎಲ್ಲಿಡಲಿ ಅಂತ ಕೇಳಿದಳು. ಈಗ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದೇನೆ, ಒದ್ದೆ ಕೊಡೆ ಅದರಲ್ಲಿ.