ಬರಿಗೈಲಿ ಕೊಡಗು ದಾಟುವವರಿಗೆ: ಎದುರಾದವರ ಜೊತೆ ಹೇಗೆ ಮಾತಾಡಬೇಕು

ಕೊಡಗಿನಲ್ಲಿ ಅಪರಿಚಿತನನ್ನು ಮೊದಲು ಕೇಳುವುದು ದುಡ್ಡಿನ ವಿಚಾರವಲ್ಲ. 'ಯಾವೂರು? ಯಾರ ಮನೆಗೆ?' ಮನೆಗಳು ತೋಟದ ನಡುವೆ ಒಂದೊಂದೇ ಇರುವ, ಮನೆತನದ ಹೆಸರಲ್ಲೇ ಗುರುತು ಹಿಡಿಯುವ ಸೀಮೆ ಇದು. ಜೇಬು ಖಾಲಿ ಅಂದರೆ ಯಾರೂ ಹೆದರುವುದಿಲ್ಲ, ಈ ಪ್ರಶ್ನೆಗೆ ತಡವರಿಸಿದರೆ ಹೆದರುತ್ತಾರೆ.

ಆದ್ದರಿಂದ ನಿಮ್ಮ ಊರು, ಇವತ್ತು ಮುಟ್ಟಬೇಕಾದ ಜಾಗ, ಈಗ ಬೇಕಾದ ಸಹಾಯ, ಮೂರೂ ಮೊದಲ ಮಾತಲ್ಲೇ ಬರಲಿ. 'ಅಣ್ಣ, ನಾನು ಹಾಸನದವನು, ಭಾಗಮಂಡಲಕ್ಕೆ ಹೊರಟಿದ್ದೀನಿ, ಚೇರಂಬಾಣೆವರೆಗೆ ಬಿಡ್ತೀರಾ? ಕೊಡೋಕೆ ದುಡ್ಡಿಲ್ಲ.' ಕೊನೆಯ ಮಾತು ಹತ್ತುವ ಮೊದಲೇ ಆಗಬೇಕು. ಜೀಪು, ಪಿಕಪ್‌ನವರು ದಾರಿಯಲ್ಲಿ ಸಿಕ್ಕವರನ್ನು ಕಾಸಿಗೆ ಹತ್ತಿಸಿಕೊಳ್ಳುವುದುಂಟು. ಇಳಿದ ಮೇಲೆ ಹೇಳಿದರೆ ಜಗಳವೇ. ದೇಶ ಸುತ್ತುವ ಕಥೆ ಅವರು ಕೇಳಿದ ಮೇಲೆ ಸಾಕು.

ಮುಂದಿನ ಪ್ರಶ್ನೆ ಬಹುಪಾಲು 'ಹರಕೆಯಾ?' ಎಂದಿರುತ್ತದೆ. ತಲಕಾವೇರಿಗೆ, ಶಬರಿಮಲೆಗೆ ನಡೆದು ಹೋಗುವವರನ್ನು ಕಂಡ ಜನ ಅವರು. ಹರಕೆ ಇಲ್ಲದಿದ್ದರೆ ಇಲ್ಲ ಅನ್ನಿ. ಆಮೇಲೆ ನಿಮ್ಮ ಕೈಯ ಫೋನು ನೋಡಿ 'ಗೂಗಲ್ ಪೇ ಇಲ್ವಾ?' ಅನ್ನುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಆಪತ್ತಿಗೆಂದು 500 ರೂಪಾಯಿ ಬಚ್ಚಿಟ್ಟಿದ್ದರೆ 'ಬಿಡಿಗಾಸೂ ಇಲ್ಲ' ಎನ್ನಬೇಡಿ. 'ಖರ್ಚು ಮಾಡದೆ ಹೋಗ್ತಿದ್ದೀನಿ' ಅಂದರೆ ಸುಳ್ಳೂ ಅಲ್ಲ, ಸಿಕ್ಕಿಬೀಳುವ ಭಯವೂ ಇಲ್ಲ. ಕೆಲವರು ನೋಟೇ ತೆಗೆದು ಕೊಡುತ್ತಾರೆ. ತೆಗೆದುಕೊಳ್ಳುವುದೋ ಬೇಡವೋ ಹೊರಡುವ ಮೊದಲೇ ತೀರ್ಮಾನಿಸಿ. ಬೇಡ ಅಂದು ಮೂರನೇ ಸಲಕ್ಕೆ ತೆಗೆದುಕೊಂಡರೆ ನಾಟಕವಾಡಿದಂತೆ ಕಾಣುತ್ತದೆ.

ಗಾಡಿಗೆ ಕೈ ತೋರಿಸುವುದು ಊರ ಅಂಚಿನ ಸಮತಟ್ಟಿನಲ್ಲಿ. ಮಡಿಕೇರಿ–ಸಂಪಾಜೆ ಘಾಟಿಯ ತಿರುವಲ್ಲಿ ನಿಂತರೆ ಇಳಿಯುವವನಿಗೆ ಬ್ರೇಕಿನ ಚಿಂತೆ, ತುಂಬಿದ ಲಾರಿಯಲ್ಲಿ ಏರುವವನಿಗೆ ಏರಲ್ಲಿ ನಿಂತು ಮತ್ತೆ ಎಳೆಸುವ ಕಷ್ಟ. ಅವರು ನಿಲ್ಲಿಸದಿದ್ದರೆ ಅದು ಕಲ್ಲು ಮನಸ್ಸಲ್ಲ. ಕೇರಳದ ಗಡಿಯತ್ತ, ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಬರೀ ಕಾಡು. ಪೂರ್ತಿ ದಾಟಿಸುವ ಗಾಡಿ ಸಿಗದೆ ಹೊರಡಲೇಬೇಡಿ. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರುವ ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಖಾಸಗಿ ಬಸ್ಸಿಗೆ ಅದು ನಡೆಯುವುದಿಲ್ಲ, ಇಲ್ಲಿ ಖಾಸಗಿ ಬಸ್ಸುಗಳೂ ಬೇಕಾದಷ್ಟಿವೆ.

ಮನೆಯ ಹತ್ತಿರ ಹೋದರೆ ಗೇಟಿನ ಹೊರಗೇ ನಿಂತು ಕೂಗಿ. ನಾಯಿ ಇದ್ದೇ ಇರುತ್ತದೆ, ಕೋವಿಯೂ ಇರಬಹುದು. ಅನ್ನ ಕೇಳಬೇಡಿ, ನೀರು ಕೇಳಿ. ಎಷ್ಟೋ ಮನೆಗಳಲ್ಲಿ ನೀರಿನ ಹಿಂದೆಯೇ ಬೆಲ್ಲದ ಕಾಫಿ ಬರುತ್ತದೆ, ಮಾತು ಬೆಳೆದರೆ ಊಟವೂ. ಹಂದಿಮಾಂಸ ತಿನ್ನದವರು ಬಡಿಸುವ ಮೊದಲೇ ಹೇಳಿಬಿಡಿ, ತಟ್ಟೆಗೆ ಬಿದ್ದ ಮೇಲೆ ಬೇಡ ಅಂದರೆ ಮನೆಯವರಿಗೆ ನೋವು. ಹೋಟೆಲಿನಲ್ಲಿ ಪಾತ್ರೆ ತೊಳೆದು ಉಣ್ಣುವುದಾದರೆ ಮಧ್ಯಾಹ್ನ 3ರ ಮೇಲೆ ಕೇಳಿ. ಮಧ್ಯಾಹ್ನ ಒಂದರ ಹೊತ್ತಿನ ಗಲಾಟೆಯಲ್ಲಿ ಕೇಳಿದರೆ ಬೈಗುಳವೇ ಊಟ. ಭಾಗಮಂಡಲದ ಭಗಂಡೇಶ್ವರ, ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನಗಳಲ್ಲಿ ಮಧ್ಯಾಹ್ನದ ಅನ್ನಪ್ರಸಾದಕ್ಕೆ ಯಾರೂ ಜೇಬು ಕೇಳುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದೇ ಜನ ಬೇರೆಯೇ ಆಗಿ ಕಾಣುತ್ತಾರೆ. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ ಕೊಯ್ಲು. ಕಣದ ತುಂಬ ಕಾಫಿ, ಜೊತೆಗೆ ಕರಿಮೆಣಸು, ಕಳ್ಳತನದ ಭಯ. ತೋಟದೊಳಗಿನ ಅಡ್ಡದಾರಿ ಹಿಡಿಯಬೇಡಿ, ಕಣದ ಫೋಟೋ ತೆಗೆಯಬೇಡಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ತಡೆದು ನಿಲ್ಲಿಸಿದರೆ ವಾದಿಸದೆ ಆಧಾರ್ ತೋರಿಸಿ. ಲೈನ್ ಮನೆಯವರು, ಅಂದರೆ ತೋಟದಲ್ಲೇ ಸಾಲುಮನೆಗಳಲ್ಲಿರುವ ಕೂಲಿಯವರು, ಕರೆದರೂ ರಾತ್ರಿ ಉಳಿಯುವ ಮುಂಚೆ ತೋಟದ ಮಾಲೀಕರಿಗೆ ತಿಳಿಸಿ, ಇಲ್ಲವಾದರೆ ಬೆಳಗ್ಗೆ ಬೈಸಿಕೊಳ್ಳುವವರು ಆ ಕೂಲಿಯವರೇ.

ರಾತ್ರಿಯ ಜಾಗವನ್ನು ಸಂಜೆ 4ಕ್ಕೇ ಕೇಳಲು ಶುರುಮಾಡಿ. ಆರರ ಮೇಲೆ ಬಾಗಿಲು ತಟ್ಟಿದರೆ ತೆರೆಯುವುದು ಕಷ್ಟ. ಸಿದ್ದಾಪುರ, ತಿತಿಮತಿ ಕಡೆ ಆ ಹೊತ್ತಿಗೆ ಆನೆಯೂ ರಸ್ತೆಗೆ ಬರುತ್ತದೆ, ನಾಗರಹೊಳೆ ಕಾಡಿನೊಳಗಿನ ರಸ್ತೆಯ ಗೇಟೂ ಮುಚ್ಚುತ್ತದೆ. ದೇವಸ್ಥಾನ, ಮಸೀದಿ, ಚರ್ಚು ಯಾವುದಾದರೂ ಸರಿ, ಉಸ್ತುವಾರಿಯವರನ್ನು ಕಂಡು 'ಜಗಲಿಯಲ್ಲಿ ಒಂದು ರಾತ್ರಿ' ಎಂದು ಕೇಳಿ. ಎರಡು ಕಡೆ ಇಲ್ಲ ಅಂದರೆ ಮೂರನೆಯದನ್ನು ಹುಡುಕುತ್ತಾ ಕತ್ತಲು ಮಾಡಿಕೊಳ್ಳದೆ, ಬೆಳಕಿರುವಾಗಲೇ ಹತ್ತಿರದ ಪೇಟೆಯ ಬಸ್ ನಿಲ್ದಾಣ ಸೇರಿ. ಮಡಿಕೇರಿಯ ಚಳಿಗೆ ಕಂಬಳಿಯೂ, ಮಳೆಗಾಲದ ಜಿಗಣೆಗೆ ಒಂದು ಪೊಟ್ಟಣ ಉಪ್ಪೂ ಚೀಲದಲ್ಲಿರಲಿ.